ಕರಗದ ಔಷಧಕ್ಕೆ ದಾರಿ ದೊರೆತ ಬಗೆ

ಯೂನಾನಿ ವೈದ್ಯಪದ್ಧತಿಯಲ್ಲಿ ‘ಬದ್ರಕಾ’ ಎಂಬ ಒಂದು ಪದ ಬಳಕೆಯಲ್ಲಿದೆ. ಅದು ಫಾರ್ಸಿ ಮೂಲದ್ದು. ಕಳ್ಳಕಾಕರ ಭಯವಿದ್ದ ಹಾದಿಗಳಲ್ಲಿ ವ್ಯಾಪಾರಿಗಳ ತಂಡವನ್ನು ಸುರಕ್ಷಿತವಾಗಿ ಗುರಿ ಮುಟ್ಟಿಸಲು ಜೊತೆಯಲ್ಲಿ ಸಾಗುತ್ತಿದ್ದ ಕಾವಲಿನವರಿಗೆ ಹಿಂದೆ ಆ ಹೆಸರಿತ್ತು. ಹಕೀಮರು ಈ ಪದವನ್ನು ಔಷಧಶಾಸ್ತ್ರಕ್ಕೆ ತಂದರು. ಮುಖ್ಯ ಔಷಧವನ್ನು ಅದು ತಲುಪಬೇಕಾದ ಅಂಗಕ್ಕೆ ಒಯ್ಯುವ ಜೇನು, ಗುಲಾಬಿ ನೀರು, ಶರಬತ್ತು ಅಥವಾ ಇನ್ನಾವುದೇ ಸಹಾಯಕ ದ್ರವ್ಯ ಅವರ ಪಾಲಿಗೆ ಬದ್ರಕಾ ಆಯಿತು. ಆಯುರ್ವೇದದ ಅನುಪಾನಕ್ಕೆ ಇದು ತೀರ ಸಮೀಪದ ಕಲ್ಪನೆ.

ಇಬ್ನು ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದ ಐದನೆಯ ಭಾಗವನ್ನು ಸಂಯುಕ್ತ ಔಷಧಗಳಿಗೇ ಮೀಸಲಿರಿಸಿದರು. ಒಂದೇ ದ್ರವ್ಯ ಸಾಕಾಗುವಲ್ಲಿ ಹಲವನ್ನು ಬೆರೆಸುವುದೇಕೆ ಎಂಬ ಪ್ರಶ್ನೆಗೆ ಅವರು ಅಲ್ಲಿ ಕಾರಣಗಳನ್ನು ನೀಡುತ್ತಾರೆ. ಕರ್ಪೂರದ ಗುಳಿಗೆಗೆ ಕೇಸರಿಯನ್ನು ಸೇರಿಸುವುದು ಅದನ್ನು ಹೃದಯದವರೆಗೆ ಒಯ್ಯಲಿಕ್ಕಾಗಿ ಎಂಬುದು ಆ ಕಾರಣಗಳಲ್ಲೊಂದು. ಅವರಿಗಿಂತ ಸುಮಾರು ಎರಡು ಶತಮಾನ ಹಿಂದೆ ಔಷಧ ತಯಾರಿಕೆಯ ಕೈಪಿಡಿಯಾದ ‘ಅಕ್ರಾಬಾದೀನ್’ ರಚಿಸಿದ ಸಾಬೂರ್ ಇಬ್ನು ಸಹ್ಲ್ ಕ್ರೈಸ್ತ ವೈದ್ಯರಾಗಿದ್ದರು. ಹಿಜರಿ 255ರಲ್ಲಿ ಅವರು ನಿಧನರಾದ ಬಳಿಕವೂ ಬಗ್ದಾದಿನ ಆಸ್ಪತ್ರೆಗಳಲ್ಲಿ ಆ ಪರಂಪರೆ ಮುಂದುವರಿಯಿತು. ಔಷಧ ಯಾವುದು ಎಂಬ ಪ್ರಶ್ನೆಯಷ್ಟೇ ಗಂಭೀರವಾಗಿ, ಅದು ಹೇಗೆ ತಲುಪುತ್ತದೆ ಎಂಬ ಪ್ರಶ್ನೆಯನ್ನೂ ಅವರೆಲ್ಲ ಎತ್ತಿಕೊಂಡಿದ್ದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಇಂದಿನ ಕ್ಯಾನ್ಸರ್ ಔಷಧಗಳೆಲ್ಲ ಇಬ್ನು ಸೀನಾರ ಪುಟಗಳಲ್ಲಿ ಆಗಲೇ ಇದ್ದವೆಂದು ಸಾರುವ ಬರಹಗಳು ಆಗಾಗ ನಮ್ಮ ಮೊಬೈಲುಗಳಿಗೆ ಬರುತ್ತಿರುತ್ತವೆ. ಅಂತಹ ಹೊಗಳಿಕೆಯಿಂದ ಆ ಮಹಾನ್ ವೈದ್ಯರಿಗೆ ಯಾವ ಗೌರವವೂ ಸಲ್ಲುವುದಿಲ್ಲ. ‘ಸರತಾನ್’, ಅಂದರೆ ಏಡಿ, ಎಂಬ ಹೆಸರಿನಲ್ಲಿ ಅವರು ಈ ರೋಗವನ್ನು ವಿವರಿಸಿದ್ದಾರೆ. ಆರಂಭದಲ್ಲೇ ಗುರುತಿಸಿದರೆ ಬೆಳೆಯದಂತೆ ತಡೆಯುವ ಪ್ರಯತ್ನ ಸಾಧ್ಯ, ಬೇರೂರಿದ ಬಳಿಕ ಔಷಧದಿಂದ ಗುಣವಾಗುವುದು ದುಸ್ತರ ಎಂದು ಅವರು ಪ್ರಾಮಾಣಿಕವಾಗಿಯೇ ಬರೆದರು. ಅವರಿಂದ ನಮಗೆ ದೊರೆತಿರುವುದು ಒಂದು ಪ್ರಶ್ನೆ. ಉತ್ತಮ ಔಷಧವೊಂದು ಕೈಯಲ್ಲಿದ್ದೂ ಅದನ್ನು ಒಯ್ಯುವ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆ? ಇಪ್ಪತ್ತನೆಯ ಶತಮಾನದಲ್ಲಿ ಒಂದು ಮರದ ಚರಿತ್ರೆ ಈ ಪ್ರಶ್ನೆಗೆ ಕಹಿಯಾದ ಉತ್ತರವನ್ನು ನೀಡಿತು.

ಆ ಮರದ ಶಾಸ್ತ್ರೀಯ ನಾಮ ಕ್ಯಾಂಪ್ಟೊಥೀಕಾ ಅಕ್ಯುಮಿನೇಟಾ. ದಕ್ಷಿಣ ಚೀನಾ ಅದರ ತವರು. ಚೀನೀಯರು ಅದನ್ನು ‘ಶೀ ಶು’ ಎನ್ನುತ್ತಾರೆ. ಸಂತೋಷದ ಮರ ಎಂಬುದು ಅದರ ಅರ್ಥ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಸಾವಿರಾರು ಸಸ್ಯಗಳ ಸಾರವನ್ನು ಪರೀಕ್ಷಿಸುತ್ತಿದ್ದರು. ಅವರು ಹುಡುಕುತ್ತಿದ್ದುದು ಕ್ಯಾನ್ಸರ್ ಔಷಧವನ್ನಲ್ಲ, ಕಾರ್ಟಿಸೋನ್ ತಯಾರಿಸಲು ಬೇಕಾದ ಕಚ್ಚಾ ವಸ್ತುವನ್ನು. ಅದೇ ಸಾರಗಳಲ್ಲಿ ಸುಮಾರು ಒಂದು ಸಾವಿರವನ್ನು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ತರಿಸಿಕೊಂಡು ಪರೀಕ್ಷಿಸಿದಾಗ, ಇಲಿಗಳ ಕ್ಯಾನ್ಸರಿನ ಮೇಲೆ ಈ ಚೀನೀ ಮರದ ಸಾರ ಅಸಾಧಾರಣ ಪರಿಣಾಮ ತೋರಿತು.

ವಾಲ್ 1960ರಲ್ಲಿ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ಗೆ ಹೋದರು. 1962ರಲ್ಲಿ ಅಲ್ಲಿ ಅವರ ಜೊತೆಗೂಡಿದವರು ಮನ್ಸುಖ್ ವಾನಿ. ಇಂದಿನ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ 1925ರಲ್ಲಿ ಜನಿಸಿದ ವಾನಿ, ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಕಲಿತು ಅಮೆರಿಕಕ್ಕೆ ತೆರಳಿದ್ದರು. ಆ ಮರದ ತೊಗಟೆ ಮತ್ತು ಕಾಂಡದಿಂದ ಇವರಿಬ್ಬರ ತಂಡ ಹಳದಿ ಹರಳಿನ ರೂಪದ ವಸ್ತುವೊಂದನ್ನು ಬೇರ್ಪಡಿಸಿ, 1966ರಲ್ಲಿ ಅದರ ರಚನೆಯನ್ನು ಪ್ರಕಟಿಸಿತು. ಅದಕ್ಕೆ ಕ್ಯಾಂಪ್ಟೊಥೆಸಿನ್ ಎಂಬ ಹೆಸರಾಯಿತು.

ಆ ವಸ್ತುವಿನ ಶಕ್ತಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆದರೆ ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ರಕ್ತನಾಳದ ಮೂಲಕ ಕೊಡುವ ಔಷಧ ಕರಗಿರಲೇಬೇಕು. ಕರಗದ ಕಣಗಳು ರಕ್ತನಾಳವನ್ನು ಸೇರಿದರೆ ಚಿಕಿತ್ಸೆಯೇ ಅಪಾಯವಾಗಿ ಪರಿಣಮಿಸುತ್ತದೆ. ಬಾಯಿಯ ಮೂಲಕ ಕೊಟ್ಟರೂ ಕರುಳು ಹೀರಿಕೊಳ್ಳುವುದು ಕರಗಿದ ಭಾಗವನ್ನು ಮಾತ್ರ. ಉಳಿದುದು ಬಂದಂತೆಯೇ ಹೊರಹೋಗುತ್ತದೆ.

ರಸಾಯನಶಾಸ್ತ್ರಜ್ಞರಿಗೆ ಒಂದು ಸುಲಭೋಪಾಯ ಹೊಳೆಯಿತು. ಕ್ಯಾಂಪ್ಟೊಥೆಸಿನ್ನಿನ ಅಣುವಿನಲ್ಲಿ ಒಂದಕ್ಕೊಂದು ಬೆಸೆದುಕೊಂಡ ಐದು ಉಂಗುರಗಳಿವೆ. ಕೊನೆಯ ಉಂಗುರವು ಲ್ಯಾಕ್ಟೋನ್ ಎಂಬ ಬಗೆಯದು. ಕ್ಷಾರದ ಸಂಪರ್ಕ ಬಂದೊಡನೆ ಅದು ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಿಕೊಂಡ ಅಣು ಸೋಡಿಯಮ್ಮಿನೊಡನೆ ಸೇರಿ ಲವಣವಾಗುತ್ತದೆ, ಆ ಲವಣ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಸಮಸ್ಯೆ ಬಗೆಹರಿಯಿತೆಂದು ಭಾವಿಸಲಾಯಿತು. 1960ರ ದಶಕದ ಕೊನೆಯಲ್ಲಿ ಈ ಸೋಡಿಯಂ ಲವಣವನ್ನು ರೋಗಿಗಳಿಗೆ ಕೊಡಲು ಆರಂಭಿಸಿದರು.

ಪರಿಣಾಮ ದುಃಖಕರವಾಗಿತ್ತು. 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೀರ್ಣಾಂಗದ ಕ್ಯಾನ್ಸರ್ ಇದ್ದ 61 ರೋಗಿಗಳ ಪೈಕಿ ಕೇವಲ 2 ಮಂದಿಯಲ್ಲಿ ಗಡ್ಡೆ ಭಾಗಶಃ ಕುಗ್ಗಿತು, ಅದೂ ಅಲ್ಪಕಾಲದ ಮಟ್ಟಿಗೆ. ಇನ್ನೊಂದೆಡೆ ಬಿಳಿ ರಕ್ತಕಣಗಳ ಕುಸಿತ, ವಾಂತಿ, ಭೇದಿ. ಎಲ್ಲಕ್ಕಿಂತ ಭಯಾನಕವಾದುದು ಮೂತ್ರಕೋಶದ ಉರಿಯೂತ ಮತ್ತು ರಕ್ತಸ್ರಾವ. ಮರಣದ ಅಂಚಿನಲ್ಲಿದ್ದವರು ಕೊನೆಯ ಭರವಸೆಯಾಗಿ ಒಪ್ಪಿಕೊಂಡಿದ್ದ ಔಷಧವು ಅವರ ನೋವನ್ನು ಹೆಚ್ಚಿಸಿತೇ ಹೊರತು ಆಯುಷ್ಯವನ್ನು ಹೆಚ್ಚಿಸಲಿಲ್ಲ. ಪ್ರಯೋಗವನ್ನು ನಿಲ್ಲಿಸಲಾಯಿತು. ಚೀನಾದಲ್ಲಿ ಸಂಶೋಧನೆ ಮುಂದುವರಿಯಿತಾದರೂ, ಅಮೆರಿಕದಲ್ಲಿ ಹತ್ತು ವರ್ಷಗಳಿಗೂ ಮಿಕ್ಕ ಕಾಲ ಈ ವಸ್ತು ಮೂಲೆಗುಂಪಾಯಿತು.

ನಡೆದುದೇನು? ಆ ಕೊನೆಯ ಉಂಗುರವೇ ಔಷಧದ ಜೀವಾಳವಾಗಿತ್ತು. ಕರಗಿಸುವ ಸಲುವಾಗಿ ಅದನ್ನೇ ಬಿಚ್ಚಿದ್ದರು. ಬೀಗದ ಕೈ ಚೀಲಕ್ಕೆ ಹಿಡಿಸುತ್ತಿಲ್ಲವೆಂದು ಅದರ ಹಲ್ಲುಗಳನ್ನು ಉಜ್ಜಿ ತೆಗೆದಂತಾಯಿತು. ಇಲಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಸೋಡಿಯಂ ಲವಣದ ಶಕ್ತಿ ಮೂಲ ವಸ್ತುವಿನ ಸುಮಾರು ಹತ್ತನೆಯ ಒಂದು ಪಾಲಿನಷ್ಟೇ ಎಂಬುದು ಕಂಡುಬಂತು. ಮನುಷ್ಯನ ದೇಹದಲ್ಲಿ ಸ್ಥಿತಿ ಇನ್ನೂ ವಿಪರೀತ. ನಮ್ಮ ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನು ಬಿಚ್ಚಿಕೊಂಡ ರೂಪವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಉಂಗುರ ಮತ್ತೆ ಕೂಡಿಕೊಳ್ಳಲು ಬಿಡುವುದಿಲ್ಲ. ಇಲಿಯ ಅಲ್ಬುಮಿನ್ನಿಗೆ ಈ ಹಟ ಅಷ್ಟಾಗಿ ಇಲ್ಲ. ಆದ್ದರಿಂದಲೇ ಇಲಿಯಲ್ಲಿ ಕಂಡ ಪವಾಡ ಮನುಷ್ಯನಲ್ಲಿ ಮರುಕಳಿಸಲಿಲ್ಲ. ಉಂಗುರ ಮತ್ತೆ ಕೂಡಿಕೊಳ್ಳಲು ಅನುಕೂಲವಿದ್ದುದು ಆಮ್ಲೀಯವಾದ ಮೂತ್ರದಲ್ಲಿ. ಅಂದರೆ ಗಡ್ಡೆಯ ಬಳಿ ನಿದ್ರಿಸುತ್ತಿದ್ದ ಔಷಧ ಮೂತ್ರಕೋಶವನ್ನು ತಲುಪಿದ ಬಳಿಕ ಎಚ್ಚರಗೊಂಡು ಅಲ್ಲಿನ ಆರೋಗ್ಯವಂತ ಪದರವನ್ನು ಸುಡುತ್ತಿತ್ತು. ಕಾವಲಿನವರು ದಾರಿ ತಪ್ಪಿ ಬೇರೊಂದು ಊರಿಗೆ ಸರಕನ್ನು ಇಳಿಸಿದಂತೆ!

ಇಷ್ಟೆಲ್ಲ ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. ಔಷಧ ಜೀವಕೋಶದೊಳಗೆ ಯಾವುದನ್ನು ಗುರಿಯಾಗಿಸುತ್ತದೆ ಎಂಬುದೇ ಸ್ಪಷ್ಟವಾಗಿರಲಿಲ್ಲ. ಅದನ್ನು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಲೆರಾಯ್ ಲಿಯು ಮತ್ತು ಸಹೋದ್ಯೋಗಿಗಳು 1985ರಲ್ಲಿ ಬೆಳಕಿಗೆ ತಂದರು. ಜೀವಕೋಶ ಇಬ್ಭಾಗವಾಗುವ ಮುನ್ನ ಅದರ ಡಿಎನ್‌ಎ ನಕಲಾಗಬೇಕು. ಹೊಸೆದ ಹಗ್ಗದ ಎಳೆಗಳನ್ನು ಎಳೆದು ಬೇರ್ಪಡಿಸುತ್ತ ಹೋದರೆ ಮುಂದಿನ ಭಾಗ ಬಿಗಿದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಡಿಎನ್‌ಎಯಲ್ಲಿ ಈ ಬಿಗಿತವನ್ನು ಸಡಿಲಿಸಲು ಟೊಪೊಐಸೊಮರೇಸ್ ಎಂಬ ಕಿಣ್ವವಿದೆ. ಅದು ಒಂದು ಎಳೆಯನ್ನು ಕ್ಷಣಕಾಲ ಕತ್ತರಿಸಿ, ತಿರುವನ್ನು ಬಿಡಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗದಲ್ಲಿ ಬೆಣೆಯಂತೆ ಕೂತು ಬೆಸುಗೆಯನ್ನು ತಡೆಯುತ್ತದೆ. ನಕಲು ಮಾಡುವ ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಡಿಎನ್‌ಎ ತುಂಡಾಗಿ ಜೀವಕೋಶ ಸಾಯುತ್ತದೆ. ಸದಾ ವಿಭಜನೆಯಾಗುತ್ತಿರುವ ಕ್ಯಾನ್ಸರ್ ಕೋಶಗಳಿಗೆ ಇದು ಮಾರಕ. ಈ ಬೆಣೆ ಸರಿಯಾಗಿ ಕೂರಬೇಕಾದರೆ ಐದನೆಯ ಉಂಗುರ ಮುರಿಯದೆ ಇರಲೇಬೇಕು.

ಗುರಿ ತಿಳಿದ ಮೇಲೆ ಮಾರ್ಗವನ್ನು ಹುಡುಕುವವರ ದೃಷ್ಟಿಯೇ ಬದಲಾಯಿತು. ವಿಶೇಷವೆಂದರೆ ಜಪಾನಿನಲ್ಲಿ ಒಂದು ಉತ್ತರ ಆಗಲೇ ಸಿದ್ಧವಾಗಿತ್ತು. ಹುದುಗಿಸಿದ ಹಾಲಿನ ಪುಟ್ಟ ಬಾಟಲಿಗಳಿಂದ ಇಂದು ನಮ್ಮ ನಗರಗಳ ಅಂಗಡಿಗಳಲ್ಲೂ ಪರಿಚಿತವಾಗಿರುವ ಯಾಕುಲ್ಟ್ ಕಂಪೆನಿಯ ಸಂಶೋಧಕರು 1983ರಲ್ಲಿ ಇರಿನೊಟೆಕಾನ್ ಎಂಬ ವಸ್ತುವನ್ನು ತಯಾರಿಸಿದ್ದರು. ಅವರು ಐದನೆಯ ಉಂಗುರವನ್ನು ಮುಟ್ಟಲಿಲ್ಲ. ಅಣುವಿನ ಇನ್ನೊಂದು ತುದಿಗೆ, ಮೊದಲನೆಯ ಉಂಗುರಕ್ಕೆ, ನೀರನ್ನು ಮೆಚ್ಚುವ ಒಂದು ಬಾಲವನ್ನು ಜೋಡಿಸಿದರು. ಬೀಗದ ಕೈಯ ಹಲ್ಲುಗಳನ್ನು ಹಾಗೆಯೇ ಉಳಿಸಿ ಹಿಡಿಯನ್ನು ಮಾತ್ರ ಬದಲಾಯಿಸಿದಂತಾಯಿತು. ಈ ಬಾಲದಿಂದಾಗಿ ಔಷಧ ಕರಗುತ್ತದೆ, ರಕ್ತದಲ್ಲಿ ಸಾಗುತ್ತದೆ. ದೇಹವನ್ನು ಸೇರಿದ ಬಳಿಕ ಮುಖ್ಯವಾಗಿ ಯಕೃತ್ತಿನ ಕಿಣ್ವಗಳು ಬಾಲವನ್ನು ಕತ್ತರಿಸುತ್ತವೆ. ಆಗ ಉಳಿಯುವ ಎಸ್‌ಎನ್-38 ಎಂಬ ವಸ್ತು ಇರಿನೊಟೆಕಾನಿಗಿಂತ ನೂರರಿಂದ ಸಾವಿರ ಪಟ್ಟು ಪ್ರಬಲವಾದುದು. ಕಾವಲಿನವನು ಸರಕನ್ನು ಒಪ್ಪಿಸಿ ತಾನು ಹಿಂದೆ ಸರಿಯುವ ಈ ವಿಧಾನ, ನನ್ನ ಅಭಿಪ್ರಾಯದಲ್ಲಿ, ಈ ಇಡೀ ಚರಿತ್ರೆಯ ಅತ್ಯಂತ ಸುಂದರ ಘಟ್ಟ.

1994ರಲ್ಲಿ ಜಪಾನಿನಲ್ಲಿ, 1996ರಲ್ಲಿ ಅಮೆರಿಕದಲ್ಲಿ ಇರಿನೊಟೆಕಾನಿಗೆ ಅನುಮತಿ ದೊರೆಯಿತು. ಅಮೆರಿಕದಲ್ಲಿ ಅದು ಬಂದುದು ಇತರ ಚಿಕಿತ್ಸೆಗೆ ಬಗ್ಗದ ದೊಡ್ಡ ಕರುಳಿನ ಕ್ಯಾನ್ಸರಿಗೆ. ಇದೇ ತತ್ತ್ವದ ಮೇಲೆ ರೂಪಿಸಲಾದ ಟೊಪೊಟೆಕಾನ್ ಅದೇ 1996ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅನುಮತಿ ಪಡೆಯಿತು. ಅಣುವಿನ ರಚನೆ ಪ್ರಕಟವಾದ ವರ್ಷದಿಂದ ಲೆಕ್ಕ ಹಾಕಿದರೆ ಸರಿಯಾಗಿ ಮೂವತ್ತು ವರ್ಷ. 2002ರಲ್ಲಿ ನಿಧನರಾದ ವಾಲ್ ಅವರಿಗೂ 2020ರಲ್ಲಿ ನಿಧನರಾದ ವಾನಿ ಅವರಿಗೂ ತಮ್ಮ ಮರ ರೋಗಿಗಳನ್ನು ತಲುಪಿದುದನ್ನು ಕಾಣುವ ಭಾಗ್ಯ ಲಭಿಸಿತು.

ಹಾಗೆಂದು ಇರಿನೊಟೆಕಾನ್ ಸೌಮ್ಯವಾದ ಔಷಧವಲ್ಲ. ಅದನ್ನು ಪಡೆಯುವ ರೋಗಿಯ ಮನೆಯವರು ತಿಳಿದಿರಬೇಕಾದ ಒಂದು ವಿಚಾರ ಇಲ್ಲಿದೆ. ಎಸ್‌ಎನ್-38 ತನ್ನ ಕೆಲಸ ಮುಗಿಸಿದ ಬಳಿಕ ಯಕೃತ್ತು ಅದಕ್ಕೆ ಸಕ್ಕರೆಗೆ ಸಂಬಂಧಿಸಿದ ಒಂದು ಆಮ್ಲವನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತದ ಮೂಲಕ ಕರುಳಿಗೆ ಕಳುಹಿಸುತ್ತದೆ. ವಿಜ್ಞಾನಿಗಳು ಒಳತರಲು ಬಳಸಿದ ಉಪಾಯವನ್ನೇ ದೇಹವು ಹೊರಹಾಕಲು ಬಳಸುತ್ತದೆ! ಆದರೆ ಕರುಳಿನ ಬ್ಯಾಕ್ಟೀರಿಯಾಗಳು ಆ ಅಂಟನ್ನು ಬಿಡಿಸಿ ವಿಷವನ್ನು ಮತ್ತೆ ಸ್ವತಂತ್ರಗೊಳಿಸುತ್ತವೆ. ಈ ಔಷಧ ಪಡೆದ ಕೆಲವು ದಿನಗಳ ಬಳಿಕ ಉಂಟಾಗುವ ತೀವ್ರ ಭೇದಿಗೆ ಇದು ಮುಖ್ಯ ಕಾರಣ. ಅಂಟಿಸುವ ಕಿಣ್ವವು ಹುಟ್ಟಿನಿಂದಲೇ ದುರ್ಬಲವಾಗಿರುವ ಜನರಿದ್ದಾರೆ. ಅವರಲ್ಲಿ ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯಬಹುದೆಂಬ ಎಚ್ಚರಿಕೆಯನ್ನು 2005ರಲ್ಲಿ ಅಮೆರಿಕದಲ್ಲಿ ಔಷಧದ ವಿವರಪತ್ರಕ್ಕೆ ಸೇರಿಸಲಾಯಿತು. ಆದುದರಿಂದ ಭೇದಿ ಶುರುವಾದಾಗ ‘ಬಿಸಿಗೆ ಹೀಗಾಗಿದೆ’ ಎಂದು ಮಜ್ಜಿಗೆ ಕುಡಿಸಿ ಕಾಯುತ್ತ ಕೂರುವುದು ಸಲ್ಲದು. ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ವಾಲ್ ಮತ್ತು ವಾನಿ ಅವರ ಪ್ರಯೋಗಾಲಯದಿಂದಲೇ ಹೊರಬಂದ ಇನ್ನೊಂದು ಸಸ್ಯಜನ್ಯ ಔಷಧ ಪ್ಯಾಕ್ಲಿಟಾಕ್ಸೆಲ್. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಲ್ಲಿ ಅದು ದೊರೆಯಿತು. 1971ರಲ್ಲಿ ಅದರ ರಚನೆ ಪ್ರಕಟವಾಯಿತು. ಅದೂ ನೀರಿನಲ್ಲಿ ಕರಗದು. ಇಲ್ಲಿ ಅಣುವನ್ನು ಬದಲಿಸದೆ ವಾಹಕವನ್ನು ಹುಡುಕಲಾಯಿತು. ಹರಳೆಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ತಯಾರಿಸಿದ ಒಂದು ದ್ರಾವಕ ಮತ್ತು ಆಲ್ಕೋಹಾಲ್ ಮಿಶ್ರಣದಲ್ಲಿ ಅದನ್ನು ಕರಗಿಸಿದರು. 1980ರ ದಶಕದ ಮೊದಲ ಪ್ರಯೋಗಗಳಲ್ಲಿ ಹಲವರಿಗೆ ಉಸಿರು ಕಟ್ಟುವಂತಹ ತೀವ್ರ ಅಲರ್ಜಿ ಉಂಟಾಯಿತು. ದೋಷ ಬಹುಪಾಲು ವಾಹಕದ್ದಾಗಿತ್ತು. ಮುಂಚಿತವಾಗಿ ಸ್ಟೀರಾಯ್ಡ್ ಕೊಟ್ಟು, ಬಹಳ ನಿಧಾನವಾಗಿ ಹನಿಸುವ ಕ್ರಮ ರೂಢಿಗೆ ಬಂದ ಬಳಿಕವೇ 1992ರಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು. 2005ರಲ್ಲಿ ಬಂದ ಹೊಸ ರೂಪದಲ್ಲಿ ಹರಳೆಣ್ಣೆಯ ದ್ರಾವಕವಿಲ್ಲ. ಔಷಧವನ್ನು ಮಾನವ ಅಲ್ಬುಮಿನ್ನಿನ ಸೂಕ್ಷ್ಮ ಕಣಗಳಿಗೆ ಬಂಧಿಸಲಾಗಿದೆ. ಕ್ಯಾಂಪ್ಟೊಥೆಸಿನ್ನಿಗೆ ಅಡ್ಡಿಯಾಗಿದ್ದ ಪ್ರೋಟೀನೇ ಇಲ್ಲಿ ವಾಹನವಾಯಿತು.

ಈಚಿನ ವರ್ಷಗಳಲ್ಲಿ ಈ ಕಲೆ ಮತ್ತಷ್ಟು ಮುಂದೆ ಸಾಗಿದೆ. ಇರಿನೊಟೆಕಾನನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿಸಿದ ರೂಪ 2015ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಬಂತು. 2019ರಲ್ಲಿ ಟ್ರಾಸ್ಟುಝುಮಾಬ್ ಡೆರಕ್ಸ್‌ಟೆಕಾನ್, 2020ರಲ್ಲಿ ಸಾಸಿಟುಝುಮಾಬ್ ಗೋವಿಟೆಕಾನ್ ಎಂಬ ಔಷಧಗಳು ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಪಡೆದವು. ಕ್ಯಾನ್ಸರ್ ಕೋಶದ ಮೈಮೇಲಿನ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವು ಅವುಗಳಲ್ಲಿ ದಾರಿ ತೋರುತ್ತದೆ. ಅದರ ಬೆನ್ನಿಗೆ ಕಟ್ಟಿದ ಸರಕು ಅದೇ ಚೀನೀ ಮರದ ಅಣುವಿನ ವಂಶಜ. ಎರಡನೆಯ ಔಷಧದಲ್ಲಿರುವುದು ಸ್ವತಃ ಎಸ್‌ಎನ್-38.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ರಸಾಯನಶಾಸ್ತ್ರಜ್ಞರು ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇರುವುದನ್ನು ವರದಿ ಮಾಡಿದರು. ಇಂದು ಅದರ ಶಾಸ್ತ್ರೀಯ ನಾಮ ನೋಥಾಪೊಡೈಟಿಸ್ ನಿಮ್ಮೋನಿಯಾನಾ. ಮರಾಠಿಯಲ್ಲಿ ಅದನ್ನು ನರಕ್ಯಾ ಎನ್ನುತ್ತಾರೆ. ಹೂವಿನ ದುರ್ವಾಸನೆಗೆ ಅದು ಕುಖ್ಯಾತ. ಚೀನಾದಲ್ಲಿ ಸಂತೋಷದ ಮರ, ನಮ್ಮ ಘಟ್ಟದಲ್ಲಿ ನಾರುವ ಮರ, ಒಳಗಿನ ಸರಕು ಒಂದೇ! ಈ ವಸ್ತು ಅದರಲ್ಲಿ ಸಮೃದ್ಧವಾಗಿರುವುದರಿಂದ ರಫ್ತಿಗಾಗಿ ಮರಗಳನ್ನು ಕಡಿದದ್ದು ಅಷ್ಟಿಷ್ಟಲ್ಲ. ಕಡಿಯುವವರಿಗೆ ಸೌದೆಯ ದರ, ಹೊರದೇಶದ ಔಷಧಕ್ಕೆ ಚಿನ್ನದ ದರ. ಯಾವ ತಾಣದ ಮರಗಳಲ್ಲಿ ಸತ್ವ ಅಧಿಕ ಎಂಬುದರ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ಅಧ್ಯಯನ ನಡೆಸಿದ್ದಾರೆ.

ಕ್ಯಾನ್ಸರಿಗೆ ಮದ್ದೆಂದು ಇಂತಹ ಮರಗಳ ತೊಗಟೆಯ ಪುಡಿ ಮಾರುವವರೂ ಇರುತ್ತಾರೆ. ಮೇಲಿನ ಚರಿತ್ರೆಯನ್ನು ಓದಿದವರಿಗೆ ಅದರ ಅಪಾಯವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಪುಡಿಯಲ್ಲಿ ಔಷಧ ಎಷ್ಟಿದೆಯೆಂದು ಯಾರೂ ಅಳೆದಿರುವುದಿಲ್ಲ, ಅದರಲ್ಲಿ ಕರಗುವುದೆಷ್ಟೆಂದು ಯಾರಿಗೂ ತಿಳಿದಿರುವುದಿಲ್ಲ, ಕರಗಿದ್ದು ಯಾವ ಅಂಗದಲ್ಲಿ ಎಚ್ಚರಗೊಳ್ಳುತ್ತದೆಂಬುದು ಮಾರುವವನ ಚಿಂತೆಯೂ ಅಲ್ಲ.

ಅರಿಶಿನದ ವಿಷಯ ಸ್ವಲ್ಪ ಭಿನ್ನ. ಅದರ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆಯುವುದು ನಿಜ. ಆದರೆ ಅದೂ ನೀರಿನಲ್ಲಿ ಸರಿಯಾಗಿ ಕರಗದು, ದೇಹವನ್ನು ಸೇರಿದ ಅಲ್ಪಾಂಶವನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಬಹುತೇಕ ಕಾಣಿಸಲೇ ಇಲ್ಲ. ಜೊತೆಗೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಲಭ್ಯವಾದ ಪ್ರಮಾಣ ಶೇಕಡಾ 2000ರಷ್ಟು ಏರಿತು. ಮೆಣಸು ಮತ್ತು ಹಿಪ್ಪಲಿಯನ್ನು ಔಷಧಗಳ ಜೊತೆ ಸೇರಿಸುತ್ತಿದ್ದ ಹಕೀಮರಿಗೂ ವೈದ್ಯರಿಗೂ ಈ ಸುದ್ದಿ ಹಿತವೆನಿಸಬಹುದಿತ್ತು. ಆದರೂ ಶೂನ್ಯಕ್ಕೆ ಸಮೀಪವಾದುದು ಇಪ್ಪತ್ತು ಪಟ್ಟಾದರೂ ಅದು ಚಿಕಿತ್ಸೆಯ ಪ್ರಮಾಣವಾಗುವುದಿಲ್ಲ. ಕರ್ಕ್ಯುಮಿನ್ ಇಂದಿಗೂ ಅಂಗೀಕೃತ ಕ್ಯಾನ್ಸರ್ ಔಷಧವಾಗಿಲ್ಲ.

ಇನ್ನೊಂದು ಸಂಗತಿ ಅಷ್ಟೇ ಮುಖ್ಯ. ಪೈಪರಿನ್ ಕರ್ಕ್ಯುಮಿನ್ನನ್ನು ಉಳಿಸುವುದು ಯಕೃತ್ತು ಮತ್ತು ಕರುಳಿನ ಹೊರಹಾಕುವ ಕಿಣ್ವಗಳನ್ನು ತಡೆದು. ಆ ಬಾಗಿಲನ್ನು ಮುಚ್ಚಿದರೆ ಅದರ ಮೂಲಕವೇ ಹೊರಹೋಗಬೇಕಾದ ಬೇರೆ ಔಷಧಗಳೂ ದೇಹದಲ್ಲಿ ಉಳಿದುಕೊಳ್ಳಬಹುದು. ಸಾರಿಗೆ ಹಾಕುವ ಚಿಟಿಕೆ ಮೆಣಸಿನ ಮಾತು ಇದಲ್ಲ, ಪೈಪರಿನ್ ಸೇರಿಸಿ ಡಬ್ಬಿಗಳಲ್ಲಿ ಮಾರುವ ಅರಿಶಿನದ ಕ್ಯಾಪ್ಸೂಲುಗಳ ಮಾತು. ಕೀಮೋಥೆರಪಿ ಪಡೆಯುತ್ತಿರುವ ತಾಯಿಗೋ ತಂದೆಗೋ ಪ್ರೀತಿಯಿಂದ ಅವುಗಳನ್ನು ತಂದುಕೊಡುವ ಮಕ್ಕಳು ವೈದ್ಯರು ಗದರಿಸಿಯಾರೆಂಬ ಸಂಕೋಚದಿಂದ ಅದನ್ನು ಹೇಳದೆ ಇರುವುದುಂಟು. ಮುಂದಿನ ಭೇಟಿಗೆ ಹೋಗುವಾಗ ಮನೆಯಲ್ಲಿ ಕೊಡುತ್ತಿರುವ ಪ್ರತಿಯೊಂದು ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಟ್ಟರೆ ಸಾಕು. ಬಾಯಿಬಿಟ್ಟು ಹೇಳುವ ಸಂಕೋಚವೂ ಉಳಿಯುತ್ತದೆ.